ಆಸ್ಪತ್ರೆಯಿಂದ ನೇರ ಮನೆಗೋ, ಪುನರ್ವಸತಿ ಮನೆಗೋ? ಏನು ನೋಡಿ ನಿರ್ಧರಿಸಬೇಕು?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಅಣ್ಣನಿಗೆ ಸ್ಕಿಜೋಫ್ರೇನಿಯಾ. ಎರಡನೇ ಸಲ ಅಡ್ಮಿಟ್ ಆಗಿದ್ದಾನೆ, ಇನ್ನೇನು ಡಿಸ್ಚಾರ್ಜ್ ಮಾಡುತ್ತಾರೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಮಾತ್ರೆಯಿಂದ ತುಂಬ ತಗ್ಗಿವೆ. ಆದರೆ ದಿನವಿಡೀ ಗೋಡೆ ಕಡೆ ತಿರುಗಿ ಮಲಗಿರುತ್ತಾನೆ. ಸ್ನಾನಕ್ಕೂ ಹತ್ತು ಸಲ ಹೇಳಬೇಕು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

ಡಾಕ್ಟರು ಕೆಲವು ತಿಂಗಳು ಪುನರ್ವಸತಿ ಮನೆಯಲ್ಲಿ ಇದ್ದು ಆಮೇಲೆ ಮನೆಗೆ ಬರಲಿ ಎನ್ನುತ್ತಿದ್ದಾರೆ. ಅಮ್ಮನಿಗೆ ಇದು ಮಗನನ್ನು ಹೊರಗೆ ಹಾಕಿದ ಹಾಗೆ. ಅಪ್ಪನದು ಪೂರ್ತಿ ಉಲ್ಟಾ, ಸಾಧ್ಯವಾದರೆ ಅಲ್ಲೇ ಖಾಯಂ ಇರಲಿ ಎನ್ನುತ್ತಾರೆ. ನನಗೆ ಎರಡೂ ಸರಿ ಕಾಣುತ್ತಿಲ್ಲ. ಇಂಥ ಜಾಗದಲ್ಲಿ ನಿಜವಾಗಿ ಏನು ನಡೆಯುತ್ತದೆ? ನೋಡಲು ಹೋದಾಗ ಏನು ಗಮನಿಸಬೇಕು? ಅನುಭವ ಇದ್ದವರು ಹೇಳಿ ಪ್ಲೀಸ್.

ಮಗಳ ಅಪ್ಪ:
ನೋಡಮ್ಮ, ನನ್ನ ಮಗಳಿಗೆ ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ. ಅವಳು ಇಂಥ ಮನೆಯಲ್ಲಿ ಇದ್ದು ಬಂದಿದ್ದಾಳೆ. ಈಗ ಬೇರೆ ಮನೆ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ನಡುವೆ ಒಮ್ಮೆ ಮತ್ತೆ ಅಡ್ಮಿಟ್ ಆದಳು, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ತಾಯಿಗೆ ಒಂದು ಮಾತು ಹೇಳಿ: ಕಳಿಸುವುದು ಅಂದರೆ ಕೈಬಿಡುವುದಲ್ಲ. ಭೇಟಿ ಇರುತ್ತದೆ, ವಾರದ ಕೊನೆಗೆ ಮನೆಗೆ ಬಂದು ಹೋಗುವುದು ಇರುತ್ತದೆ. ಇಲ್ಲದ ಕಡೆಗೆ ಕಳಿಸಲೇಬೇಡಿ. ಮೊದಲ ತಿಂಗಳು ಯಾರೂ ನೋಡಲು ಬರಬಾರದು, ಫೋನೂ ಮಾಡಬಾರದು ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.

ರಾತ್ರಿ ಪಾಳಿ:
ನಾನು ಇಂಥ ಮನೆಯಲ್ಲಿ ಸೋಷಿಯಲ್ ವರ್ಕರ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲಿಗೆ, ರಿಹ್ಯಾಬ್ ಎಂಬ ಬೋರ್ಡ್ ಹಾಕಿಕೊಂಡ ಜಾಗಗಳೆಲ್ಲ ಒಂದೇ ಅಲ್ಲ. ಕುಡಿತ, ಡ್ರಗ್ಸ್ ಬಿಡಿಸುವ ಕೇಂದ್ರಗಳು ಬೇರೆ. ಅವುಗಳಲ್ಲಿ ಕೆಲವು ಸ್ಕಿಜೋಫ್ರೇನಿಯಾ ಇದ್ದವರನ್ನೂ ಸೇರಿಸಿಕೊಳ್ಳುತ್ತವೆ. ನಿಮ್ಮ ಅಣ್ಣನಿಗೆ ಅದು ಬೇಡ. ಮನೋರೋಗಕ್ಕೆಂದೇ ಇರುವ ಜಾಗಗಳಲ್ಲೂ ಬಗೆಗಳಿವೆ. ಆಸ್ಪತ್ರೆಯಿಂದ ಇಳಿಯುವಾಗ, ಅಥವಾ ಆಸ್ಪತ್ರೆ ಸೇರುವುದನ್ನು ತಪ್ಪಿಸಲು, ಕೆಲವೇ ವಾರ ಇರುವ ಮನೆಗಳು ಒಂದು ಬಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇಂಥವು ಸುಮಾರು 20 ವರ್ಷಗಳಿಂದ ಇವೆ, ಸಾಮಾನ್ಯವಾಗಿ 28 ದಿನದ ಮಿತಿ. ಎರಡನೆಯದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಇದ್ದು ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಮನೆ. ನಿಮ್ಮ ಡಾಕ್ಟರು ಹೇಳುತ್ತಿರುವುದು ಬಹುಶಃ ಇದನ್ನೇ. ಮೂರನೆಯದು ನಾಲ್ಕೈದು ಜನ ಒಟ್ಟಿಗೆ ಬಾಡಿಗೆಗೆ ಇದ್ದು, ಸ್ಟಾಫ್ ಆಗಾಗ ಬಂದು ಹೋಗುವ ಗ್ರೂಪ್ ಹೋಮ್.

ಈಗ ಅಣ್ಣನ ವಿಷಯ. ದನಿಗಳು, ಅನುಮಾನಗಳು ಮಾತ್ರೆಗೆ ಬಗ್ಗುತ್ತವೆ. ಮಲಗಿಯೇ ಇರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇವನ್ನು ನೆಗೆಟಿವ್ ಲಕ್ಷಣ ಎನ್ನುತ್ತಾರೆ. ಸೋಮಾರಿತನ ಅಂತ ಬೈಯುವುದು ಇದಕ್ಕೇ. ಪುನರ್ವಸತಿ ಮನೆಯ ಮುಖ್ಯ ಕೆಲಸ ಶುರುವಾಗುವುದು ಇಲ್ಲಿಂದ. (ಮಾತ್ರೆಯ ಮಂಪರೂ ಇರಬಹುದು, ಖಿನ್ನತೆಯೂ ಇರಬಹುದು. ಡಾಕ್ಟರ ಹತ್ತಿರ ಅದನ್ನು ಬಿಡಿಸಿ ಕೇಳಿ.)

ನೋಡಲು ಹೋದಾಗ ನೆಲ ಎಷ್ಟು ಥಳಥಳ ಅನ್ನುತ್ತಿದೆ ಅಂತ ನೋಡಬೇಡಿ. ಅಲ್ಲಿರುವವರ ಕೈಯಲ್ಲಿ ಏನು ಉಳಿದಿದೆ ಅಂತ ನೋಡಿ. ಅಡುಗೆಮನೆಗೆ ಅವರು ಹೋಗಬಹುದಾ, ಇಲ್ಲ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲುತ್ತಾರಾ? ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ? ರೂಮಿಗೆ ಬರುವ ಮುಂಚೆ ಸ್ಟಾಫ್ ಬಾಗಿಲು ತಟ್ಟುತ್ತಾರಾ?

ಮಾತ್ರೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಮೊದಲು ಸ್ಟಾಫ್ ಕೊಡುತ್ತೇವೆ, ನುಂಗುವುದನ್ನು ನೋಡುತ್ತೇವೆ. ಆಮೇಲೆ ಬೆಳಿಗ್ಗೆ-ರಾತ್ರಿ ಅಂತ ಖಾನೆ ಇರುವ ಏಳು ದಿನದ ಡಬ್ಬಿ ಬರುತ್ತದೆ. ಅದನ್ನು ಅವರೇ ನಮ್ಮೆದುರು ಕೂತು ತುಂಬಬೇಕು. ಚೀಟಿ ನೋಡಿ, ಮಾತ್ರೆಯ ಹೆಸರು ಓದಿ, ಯಾತಕ್ಕೆ ಅಂತ ಹೇಳಿ ಖಾನೆಗೆ ಹಾಕಬೇಕು. ಡಬ್ಬಿ ಮಾತ್ರ ಆಫೀಸಿನಲ್ಲಿ ಇರುತ್ತದೆ. ಮುಂದೆ ಡಬ್ಬಿಯೂ ಅವರ ರೂಮಿನ ಬೀಗದ ಡ್ರಾಯರ್‌ಗೆ ಹೋಗುತ್ತದೆ. ನಾವು ವಾರದಲ್ಲಿ ಒಂದೆರಡು ಸಲ ಎಣಿಸುತ್ತೇವೆ, ಅಷ್ಟೇ. ಮೂರನೇ ಹಂತ ದಾಟದೆ ಹೊರಟವರು ಮನೆಗೆ ಹೋದ ಮೇಲೆ ಮಾತ್ರೆ ತಪ್ಪಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿಯವರೆಗೂ ಯಾರೋ ಕೈಗೆ ಕೊಟ್ಟೇ ಅಭ್ಯಾಸ ಅಲ್ವಾ.

ಎಲ್ಲಕ್ಕಿಂತ ಮುಖ್ಯವಾಗಿ ಈ ಪ್ರಶ್ನೆ ಕೇಳಿ: "ಕಳೆದ ವರ್ಷ ಇಲ್ಲಿಂದ ಹೊರಟವರು ಈಗ ಎಲ್ಲೆಲ್ಲಿ ಇದ್ದಾರೆ?" ಹೆಸರು ಹೇಳುವುದು ಬೇಡ. ಇಷ್ಟು ಜನ ಮನೆಯಲ್ಲಿ, ಇಷ್ಟು ಜನ ಸ್ವಂತ ಬಾಡಿಗೆಯಲ್ಲಿ, ಇಷ್ಟು ಜನ ವಾಪಸ್ ಆಸ್ಪತ್ರೆಗೆ ಅಂತ ಹೇಳಲು ಗೊತ್ತಿರಬೇಕು. "ಇಲ್ಲಿಗೆ ಬಂದವರು ಹೋಗುವುದೇ ಇಲ್ಲ, ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇವೆ" ಅಂದರೆ ನಿಮ್ಮ ಅಪ್ಪನಿಗೆ ಇಷ್ಟವಾಗಬಹುದು, ನೀವು ಮಾತ್ರ ಒಪ್ಪಬೇಡಿ. ಹೊರಡುವ ಮಾತು ಮೊದಲ ವಾರವೇ ಶುರುವಾಗಬೇಕು.

ಪ್ರಶ್ನೆಗಾರ:
ರಾತ್ರಿ ಪಾಳಿ ಸರ್, ನಿಮ್ಮ ಮನೆ ಚೆನ್ನಾಗಿರಬಹುದು. ಆದರೆ ಇದೂ ಒಂದು ಚಿಕ್ಕ ಆಸ್ಪತ್ರೆಯೇ ಅಲ್ವಾ? ಮೊದಲು ಮಾತ್ರೆ ಕಲಿ, ಆಮೇಲೆ ಅಡುಗೆ ಕಲಿ, ಎಲ್ಲ ಪಾಸಾದರೆ ಸ್ವಂತ ಮನೆ ಅಂದರೆ ಬದುಕಲು ಪರೀಕ್ಷೆ ಬರೆಯಬೇಕಾ? 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ತಲೆಕೆಳಗು ಮಾಡಿದರು. ಬೀದಿಯಲ್ಲಿದ್ದ, ಮನೋರೋಗ ಇದ್ದ ಜನರಿಗೆ ಯಾವ ಷರತ್ತೂ ಇಲ್ಲದೆ ಮೊದಲು ಮನೆಯ ಕೀ ಕೊಟ್ಟರು. ಚಿಕಿತ್ಸೆಯ ಬೆಂಬಲ ಆಮೇಲೆ ಅವರ ಬಾಗಿಲಿಗೇ ಬಂತು. ಹೌಸಿಂಗ್ ಫಸ್ಟ್ ಅಂತ ಅದರ ಹೆಸರು. ಕೆನಡಾದಲ್ಲಿ 2009ರಿಂದ ಐದು ನಗರಗಳಲ್ಲಿ 2,000ಕ್ಕೂ ಜಾಸ್ತಿ ಜನರೊಂದಿಗೆ ಇದನ್ನು ಪರೀಕ್ಷಿಸಿದರು. ಹೀಗೆ ಮನೆ ಸಿಕ್ಕವರು ಮಾಮೂಲಿ ಸೇವೆ ಮಾತ್ರ ಸಿಕ್ಕ ಗುಂಪಿನವರಿಗಿಂತ ಎಷ್ಟೋ ಜಾಸ್ತಿ ಕಾಲ ಮನೆಯಲ್ಲಿ ನೆಲೆ ನಿಂತರು.

ಇನ್ನೊಂದು. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದದ 19ನೇ ವಿಧಿ ಇದೆ. ಎಲ್ಲಿ, ಯಾರ ಜೊತೆ ಇರಬೇಕು ಎಂದು ಆ ವ್ಯಕ್ತಿಯೇ ಆರಿಸಬಹುದು ಎನ್ನುತ್ತದೆ. ಮನೋರೋಗ ಇದ್ದವರಿಗೂ ಅದು ಅನ್ವಯಿಸುತ್ತದೆ. ಇಲ್ಲಿ ಡಾಕ್ಟರು, ಅಮ್ಮ, ಅಪ್ಪ, ತಂಗಿ ಎಲ್ಲರ ಅಭಿಪ್ರಾಯ ಬಂತು. ಅಣ್ಣ ಏನಂದ?

ರಾತ್ರಿ ಪಾಳಿ:
ಕೊನೆಯ ಪ್ರಶ್ನೆಗೆ ಪೂರ್ತಿ ಅಂಕ. ಮೊದಲನೆಯದಕ್ಕೆ ಅರ್ಧ. ಕೆನಡಾದ ಅದೇ ಅಧ್ಯಯನದಲ್ಲಿ ಮನೆ ಉಳಿಯಿತು, ನಿಜ. ರೋಗದ ಲಕ್ಷಣಗಳ ವಿಷಯಕ್ಕೆ ಬಂದರೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ತರ ಸುಧಾರಿಸಿದರು. ಮತ್ತೆ ಅಲ್ಲಿ ಬರೀ ಕೀ ಕೊಟ್ಟು ಹೋಗಲಿಲ್ಲ. ನರ್ಸ್, ಸೋಷಿಯಲ್ ವರ್ಕರ್ ಇರುವ ತಂಡ ಬೆನ್ನಿಗಿತ್ತು. ಆ ತಂಡ ಇಲ್ಲದ ಕಡೆ ಎದ್ದು ಹಲ್ಲುಜ್ಜಲೂ ಆಗದ ಹುಡುಗನಿಗೆ ಖಾಲಿ ಮನೆ ಕೊಟ್ಟರೆ ಅವನು ಅಲ್ಲೂ ಗೋಡೆ ಕಡೆ ತಿರುಗಿ ಮಲಗುತ್ತಾನೆ. ನಿಮ್ಮ ಮೂಲ ತಕರಾರು ಮಾತ್ರ ಒಪ್ಪುತ್ತೇನೆ. ಹಂತ ದಾಟದವರನ್ನು ಶಿಕ್ಷೆಯ ತರ ಕೆಳಗಿನ ಹಂತಕ್ಕೆ ಇಳಿಸುವ ಮನೆಗಳಿವೆ. ಅಂಥವು ಮುಚ್ಚಬೇಕು.

ಕಪಾಟು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದರ ಇತಿಹಾಸ ಓದುವ ಹುಚ್ಚು ನನಗೆ.

ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಎಂಬ ಇಬ್ಬರು ಸಂಶೋಧಕರು ಇಂಗ್ಲೆಂಡಿನ ಮೂರು ಮಾನಸಿಕ ಆಸ್ಪತ್ರೆಗಳನ್ನು 1960ರ ದಶಕದಲ್ಲಿ ವರ್ಷಗಟ್ಟಲೆ ಹೋಲಿಸಿ ನೋಡಿದರು. 1970ರಲ್ಲಿ ಪುಸ್ತಕ ಬಂತು. ರೋಗಿಗಳ ಲಕ್ಷಣ ಅಳೆದದ್ದು ಸರಿ, ಅದರ ಜೊತೆಗೆ ಅವರ ಹತ್ತಿರ ಸ್ವಂತ ವಸ್ತು ಏನಿದೆ, ಹೊರಗಿನವರ ಜೊತೆ ಸಂಪರ್ಕ ಎಷ್ಟಿದೆ, ದಿನದಲ್ಲಿ ಎಷ್ಟು ಹೊತ್ತು ಏನೂ ಮಾಡದೆ ಕೂತಿರುತ್ತಾರೆ ಎಂದೂ ಲೆಕ್ಕ ಹಾಕಿದರು. ಸುಮ್ನೆ ಕೂರುವ ಹೊತ್ತು ಕಡಿಮೆಯಾದಂತೆ ರೋಗಿಗಳು ಸುಧಾರಿಸಿದರು. ಅವರು ಗುರುತಿಸಿದ ಎಲ್ಲ ಕಾರಣಗಳಲ್ಲಿ ಇದೇ ದೊಡ್ಡದು. ಆದ್ದರಿಂದ ನೀವು ಮನೆ ನೋಡಲು ಹೋಗುವುದಾದರೆ ಬೆಳಿಗ್ಗೆ ಹೋಗಬೇಡಿ. ಮಧ್ಯಾಹ್ನ ಊಟ ಮುಗಿದು ಒಂದು ಗಂಟೆ ಆದಮೇಲೆ ಹೋಗಿ. ಎಲ್ಲರೂ ಟಿವಿ ಮುಂದೆ ತೂಕಡಿಸುತ್ತಿದ್ದರೆ ಗೋಡೆಯ ಮೇಲಿನ ವೇಳಾಪಟ್ಟಿ ಎಷ್ಟು ಬಣ್ಣಬಣ್ಣವಾಗಿದ್ದರೂ ನಂಬಬೇಡಿ.

ಎಷ್ಟು ಜನ ಚೇತರಿಸಿಕೊಳ್ಳುತ್ತಾರೆ ಎಂಬುದಕ್ಕೆ ಅಮೆರಿಕದ ವರ್ಮಾಂಟ್ ಕಥೆ ಓದಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಹಿಂಬದಿಯ ವಾರ್ಡುಗಳಲ್ಲಿ ವರ್ಷಗಟ್ಟಲೆ ಇದ್ದ, ಇನ್ನು ಸಾಧ್ಯವಿಲ್ಲ ಎಂದು ಬಿಟ್ಟಿದ್ದ 269 ಜನರನ್ನು 1950ರ ದಶಕದಲ್ಲಿ ಪುನರ್ವಸತಿ ಕೊಟ್ಟು ಹೊರಗೆ ಕಳಿಸಿದ್ದರು. ಕೋರ್ಟ್ನಿ ಹಾರ್ಡಿಂಗ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಸುಮಾರು 30 ವರ್ಷಗಳ ನಂತರ ಅವರನ್ನು ಹುಡುಕಿಕೊಂಡು ಹೋದರು. 1987ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅರ್ಧದಿಂದ ಮೂರನೇ ಎರಡರಷ್ಟು ಜನ ಚೆನ್ನಾಗಿ ಸುಧಾರಿಸಿದ್ದರು ಅಥವಾ ಚೇತರಿಸಿಕೊಂಡಿದ್ದರು. ಸ್ಕಿಜೋಫ್ರೇನಿಯಾ ಅಂದರೆ ಬದುಕು ಮುಗಿಯಿತು ಎನ್ನುವ ನೆಂಟರಿಗೆ ಇದನ್ನು ಹೇಳಿ.

ಬೆಲ್ಜಿಯಂನ ಹೇಲ್ ಪಟ್ಟಣದಲ್ಲಂತೂ ಶತಮಾನಗಳಿಂದ ಸಾಮಾನ್ಯ ಕುಟುಂಬಗಳೇ ಮನೋರೋಗ ಇದ್ದವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿವೆ. 1930ರ ದಶಕದ ಕೊನೆಯಲ್ಲಿ ಹಾಗೆ 3,700ಕ್ಕೂ ಜಾಸ್ತಿ ಜನ ಇದ್ದರು. ಈಗ ಸಂಖ್ಯೆ ತುಂಬ ಇಳಿದಿದೆ. ಚೆನ್ನೈನ ಬ್ಯಾನಿಯನ್ ಸಂಸ್ಥೆಯ 'ಹೋಮ್ ಅಗೇನ್' ಕೂಡ ಹತ್ತಿರದ ಯೋಚನೆಯೇ. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದ ಹೆಂಗಸರು ನಾಲ್ಕೈದು ಜನರಾಗಿ ಸಾಮಾನ್ಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುತ್ತಾರೆ.

ಹಳೇ ನಿವಾಸಿ:
ಎಲ್ಲರೂ ಮನೆಯ ಹೊರಗಿನಿಂದ ಮಾತಾಡುತ್ತಿದ್ದೀರಿ. ನಾನು ಒಳಗಿದ್ದವನು. ಎರಡು ಕಡೆ ಇದ್ದೆ.

ಮೊದಲನೆಯ ಜಾಗದ ಹೆಸರು ಹೇಳುವುದಿಲ್ಲ. ಹೋದ ದಿನವೇ ಫೋನು, ಬೆಲ್ಟು, ಕನ್ನಡಕ ತೆಗೆದಿಟ್ಟುಕೊಂಡರು. ಕನ್ನಡಕ ಯಾಕೆ ಅಂತ ಈಗಲೂ ಗೊತ್ತಿಲ್ಲ. ರಾತ್ರಿ ಎಂಟಕ್ಕೆ ಹೊರಗಿನಿಂದ ಚಿಲಕ. ಮನೆಯವರು ಬಂದಾಗ ಒಬ್ಬ ಸ್ಟಾಫ್ ಪಕ್ಕದಲ್ಲೇ ಕೂರುತ್ತಿದ್ದ. ಹಾಗಾಗಿ ಚೆನ್ನಾಗಿದ್ದೀನಿ ಎಂದೇ ಹೇಳಬೇಕು. ಅಪ್ಪ ಅಮ್ಮ ನಂಬಿಕೊಂಡು ಹೋಗುತ್ತಿದ್ದರು. ಸಂಜೆಮಲ್ಲಿಗೆ ಅವರೇ, ನಿವಾಸಿಗಳ ಜೊತೆ ಒಬ್ಬರೇ ಮಾತಾಡಲು ಬಿಡುತ್ತಾರಾ ಎಂದು ಮೊದಲು ಕೇಳಿ. ಬಿಡದಿದ್ದರೆ ಬೇರೆ ಯಾವ ಪ್ರಶ್ನೆಯೂ ಬೇಕಿಲ್ಲ.

ಎರಡನೆಯದು ಬೇರೆ ಲೋಕ. ಅಲ್ಲೂ ಮೊದಲ ತಿಂಗಳು ನನಗೆ ಆಗಿದ್ದು ಬೋರ್. ಅಡುಗೆಮನೆ ಗೋಡೆಯಲ್ಲಿ ಬಿಳಿ ಬೋರ್ಡ್ ಇತ್ತು. ಅಡುಗೆ, ಪಾತ್ರೆ, ಕಸ, ಸಾಮಾನು ಪಟ್ಟಿ ಅಂತ ನಾಲ್ಕು ಸಾಲು, ಪ್ರತಿ ಸಾಲಿನ ಮುಂದೆ ಹೆಸರು. ಭಾನುವಾರ ಸಂಜೆ ಎಲ್ಲರೂ ಕೂತು ಜಗಳವಾಡಿ ಬರೆಯುತ್ತಿದ್ದರು. ನಾನು ಮೂಲೆಯಲ್ಲಿ ಕೂತಿರುತ್ತಿದ್ದೆ. ಯಾರೂ ಬಲವಂತ ಮಾಡಲಿಲ್ಲ, ಆದರೆ ನನ್ನ ಹೆಸರನ್ನು ಬಿಡಲೂ ಇಲ್ಲ. ಪಾತ್ರೆ ಸಾಲಲ್ಲಿ ಹೆಸರಿರುತ್ತಿತ್ತು, ಪಾತ್ರೆ ಹಾಗೇ ಬಿದ್ದಿರುತ್ತಿತ್ತು. ಒಂದು ರಾತ್ರಿ ರೂಮ್‌ಮೇಟ್ ಬಂದು, "ಏಳಯ್ಯಾ, ನಾನು ಸೋಪು ಹಚ್ಚುತ್ತೀನಿ, ನೀನು ನೀರು ಬಿಡು" ಅಂದ. ಅವನಿಗೂ ನನ್ನದೇ ಕಾಯಿಲೆ, ನನಗಿಂತ ಜಾಸ್ತಿ ವರ್ಷದಿಂದ. ಸ್ಟಾಫ್ ಹೇಳಿದ್ದರೆ ನಾನು ಏಳುತ್ತಿರಲಿಲ್ಲ. ಕಾಯಿಲೆ ದಾಟಿ ಬಂದವರನ್ನೇ ಸಂಬಳ ಕೊಟ್ಟು ಸ್ಟಾಫ್ ಆಗಿ ಇಟ್ಟುಕೊಳ್ಳುವ ಮನೆಗಳೂ ಇವೆ, ಪೀರ್ ವರ್ಕರ್ ಅಂತಾರೆ. ಸಿಕ್ಕರೆ ಅಂಥದ್ದನ್ನೇ ಹುಡುಕಿ.

ಎಲ್ಲಾ ಚೆನ್ನಾಗಿತ್ತು ಅನ್ನಲ್ಲ. ಇನ್ನೊಬ್ಬರ ಗೊರಕೆ, ಇನ್ನೊಬ್ಬರ ಅಳು, ಬಾತ್‌ರೂಮಿಗೆ ಕ್ಯೂ. ಪ್ರಶ್ನೆಗಾರರು ಹೇಳಿದ ಹಾಗೆ ನೇರ ಸ್ವಂತ ಮನೆ ಸಿಕ್ಕಿದ್ದರೆ ಅದನ್ನೇ ಆರಿಸುತ್ತಿದ್ದೆನೋ ಏನೋ. ಆದರೆ ಅಷ್ಟು ಹೊತ್ತಿಗೆ ನನಗೆ ಸ್ನೇಹಿತರು ಅಂತ ಯಾರೂ ಉಳಿದಿರಲಿಲ್ಲ. ಈಗ ಇರುವವರು ಆ ಬೋರ್ಡಿನಲ್ಲಿ ಹೆಸರಿದ್ದವರು.

ಸಂಜೆಮಲ್ಲಿಗೆ:
ಹಳೇ ನಿವಾಸಿ ಅವರೇ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಎದ್ದು ಹೋಗಿಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬಂದು, "ನಾನು ನೋಡಿಕೊಂಡದ್ದು ಸಾಲದೇ ಮತ್ತೆ ಹುಷಾರು ತಪ್ಪಿತಾ?" ಎಂದು ಕೇಳಿದರು. ಏನು ಹೇಳಲಿ?

ಇನ್ನೊಂದು ಪ್ರಶ್ನೆ. ಅಣ್ಣ ಕಾಯಿಲೆಗೆ ಕ್ಲೋಜಪೈನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಸಿಗರೇಟು ವಿಪರೀತ. ನಾವು ಫೋನಿನಲ್ಲಿ ವಿಚಾರಿಸಿದ ಮನೆಯಲ್ಲಿ ಸಿಗರೇಟು ನಿಷೇಧವಂತೆ. ಒಳ್ಳೆಯದೇ ಆಯಿತು ಅಲ್ವಾ?

ರಾತ್ರಿ ಪಾಳಿ:
ಸಿಗರೇಟಿನ ವಿಷಯ ಮೊದಲು ಹೇಳುತ್ತೇನೆ, ಇದು ಅರ್ಜೆಂಟ್. ಸಿಗರೇಟಿನ ಹೊಗೆ ಕ್ಲೋಜಪೈನನ್ನು ಮೈಯಿಂದ ಬೇಗ ಕರಗಿಸಿ ಕಳಿಸುತ್ತದೆ. ತಟ್ಟನೆ ಬಿಟ್ಟರೆ ಅದೇ ಡೋಸಿನಲ್ಲಿ ರಕ್ತದಲ್ಲಿ ಮದ್ದಿನ ಮಟ್ಟ ಏರುತ್ತದೆ. ತೂಕಡಿಕೆ, ಜೊಲ್ಲು, ಜಾಸ್ತಿಯಾದರೆ ಫಿಟ್ಸ್ ಕೂಡ ಬರಬಹುದು. ಒಲಾಂಜಪೈನ್ ಎಂಬ ಇನ್ನೊಂದು ಮಾತ್ರೆಗೂ ಹೀಗೇ. ನಿಕೋಟಿನ್ ಗಮ್ ಅಗಿದರೂ ಮಟ್ಟ ಏರುವುದು ತಪ್ಪುವುದಿಲ್ಲ, ಯಾಕೆಂದರೆ ಇದನ್ನು ಮಾಡುವುದು ನಿಕೋಟಿನ್ ಅಲ್ಲ, ಹೊಗೆ. ಸಿಗರೇಟು ಬಿಡುವುದು ಬಹಳ ಒಳ್ಳೆಯದು. ಆದರೆ ಸೇರಿಸುವ ಮುಂಚೆ ಡಾಕ್ಟರಿಗೆ ಹೇಳಿ, ಅವರು ಡೋಸ್ ನೋಡಿ ಹೊಂದಿಸುತ್ತಾರೆ. ನೀವೇ ಕಡಿಮೆ ಮಾಡಬೇಡಿ. ವಾರದ ಕೊನೆಗೆ ಮನೆಗೆ ಬಂದು ಮತ್ತೆ ಸೇದಿದರೆ ಉಲ್ಟಾ ತೊಂದರೆ, ಅದನ್ನೂ ಮನೆಯವರಿಗೆ ಹೇಳಿಡಿ. ಈ ಮಾತ್ರೆಗೆ ಬೇಕಾಗುವ ರಕ್ತ ಪರೀಕ್ಷೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದೂ ಕೇಳಿ. ಕ್ಲೋಜಪೈನ್ ಎರಡು ದಿನಕ್ಕಿಂತ ಜಾಸ್ತಿ ತಪ್ಪಿದರೆ ಹಳೆಯ ಡೋಸನ್ನೇ ನುಂಗಿಸುವಂತಿಲ್ಲ, ಸಣ್ಣ ಡೋಸಿನಿಂದ ಮತ್ತೆ ಏರಿಸಬೇಕು. ಇದು ಗೊತ್ತಿಲ್ಲದ ಸ್ಟಾಫ್ ಇದ್ದರೆ ಆ ಮನೆ ನಿಮ್ಮ ಅಣ್ಣನಿಗೆ ಅಲ್ಲ.

ಕಪಾಟು:
ಅಮ್ಮನ ಪ್ರಶ್ನೆಗೆ: ಇಲ್ಲ. ಕಾಯಿಲೆಗೆ ಅಮ್ಮ ಕಾರಣ ಎಂಬ ಮಾತು ಒಂದು ಕಾಲದಲ್ಲಿ ಡಾಕ್ಟರುಗಳೇ ಆಡುತ್ತಿದ್ದರು, ಅದು ಸುಳ್ಳು ಎಂದು ಯಾವತ್ತೋ ಗೊತ್ತಾಗಿದೆ. ನಿಜವಾಗಿ ಕಂಡದ್ದು ಬೇರೆ. ಆಗಲೇ ಹೇಳಿದ ಜಾರ್ಜ್ ಬ್ರೌನ್, 1950ರ ದಶಕದಲ್ಲಿ ಆಸ್ಪತ್ರೆಯಿಂದ ಹೊರಟವರನ್ನು ಗಮನಿಸಿದಾಗ, ಅಪ್ಪ-ಅಮ್ಮ ಅಥವಾ ಗಂಡ-ಹೆಂಡತಿ ಇರುವ ಮನೆಗೆ ಹೋದವರು ಬಾಡಿಗೆ ರೂಮಿಗೆ ಹೋದವರಿಗಿಂತ ಜಾಸ್ತಿ ವಾಪಸ್ ಬರುತ್ತಿದ್ದರು. ಮುಂದೆ ಹುಡುಕಿದಾಗ, ಸದಾ ತಪ್ಪು ಎತ್ತಿ ಆಡುವುದು, ಸಿಡುಕು, ಜೊತೆಗೆ ಒಂದು ನಿಮಿಷವೂ ಬಿಡದೆ ಆತಂಕದಿಂದ ಸುತ್ತುವರಿಯುವುದು, ಇವು ಇದ್ದ ಮನೆಗಳಲ್ಲಿ ರಿಲ್ಯಾಪ್ಸ್, ಅಂದರೆ ಕಾಯಿಲೆ ಮರುಕಳಿಸುವುದು, ಜಾಸ್ತಿ ಎಂದು ಕಂಡಿತು. ಹಾಗೆ ಆಡುವುದೂ ಬಹುಪಾಲು ಸುಸ್ತಿನಿಂದ, ಭಯದಿಂದ. ಕುಟುಂಬಕ್ಕೆ ಕಾಯಿಲೆಯ ಬಗ್ಗೆ ತಿಳಿಸಿ ಜೊತೆಯಲ್ಲಿ ನಿಂತರೆ ರಿಲ್ಯಾಪ್ಸ್ ಕಡಿಮೆಯಾಗುತ್ತದೆ, ಇದಕ್ಕೆ ಗಟ್ಟಿ ಆಧಾರ ಇದೆ.

ಮಗಳ ಅಪ್ಪ:
ನಾನು ಇಷ್ಟು ಸೇರಿಸುತ್ತೇನೆ. ಮಗಳು ಅಲ್ಲಿದ್ದ ತಿಂಗಳುಗಳಲ್ಲಿ ನಾವಿಬ್ಬರೂ ರಾತ್ರಿ ನಿದ್ದೆ ಮಾಡಿದೆವು. ಅವಳು ಬರುವಾಗ ನಮ್ಮ ಗಂಟಲಲ್ಲಿ ಸಿಡುಕು ಇರಲಿಲ್ಲ. ನಿಮ್ಮ ತಾಯಿಗೂ ವಿಶ್ರಾಂತಿ ಬೇಕು ಅಂತ ಯಾರಾದರೂ ಹೇಳಿದ್ದಾರಾ? ನಿಮ್ಮ ತಂದೆಯವರ "ಖಾಯಂ" ಮಾತಿನ ಹಿಂದೆಯೂ ಇದೇ ಸುಸ್ತು ಇರಬಹುದು. ಕೇಳಿ ನೋಡಿ.

ಪ್ರಶ್ನೆಗಾರ:
ಅಣ್ಣ ಏನಂದ ಅಂತ ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸಂಜೆಮಲ್ಲಿಗೆ:
ಬಂತು. ನಿನ್ನೆ ಆಸ್ಪತ್ರೆಗೆ ಹೋಗಿ ಕೇಳಿದೆ, ಹೂಂ ಅಂದ. ಹಾಗಲ್ಲ, ನೀನೇ ಬಂದು ನೋಡು, ಇಷ್ಟವಾಗದಿದ್ದರೆ ಬೇರೆ ನೋಡೋಣ ಅಂದೆ. ಹೊರಡುವಾಗ ಕೈಗೆ ಚೀಟಿ ಕೊಟ್ಟ. ಮೂರು ಪ್ರಶ್ನೆ ಬರೆದಿದ್ದಾನೆ. ರೂಮಿನ ಚಿಲಕ ಒಳಗಡೆ ಇದೆಯಾ? ರಾತ್ರಿ ಇಯರ್‌ಫೋನ್ ಹಾಕಿಕೊಳ್ಳಬಹುದಾ? ಬಿಟ್ಟು ಬರಬೇಕು ಅನಿಸಿದರೆ ಯಾರಿಗೆ ಹೇಳಬೇಕು? ಸೋಮವಾರ ಅವನನ್ನೂ ಕರೆದುಕೊಂಡು ನೋಡಲು ಹೋಗುತ್ತಿದ್ದೇವೆ. ಮಧ್ಯಾಹ್ನ.

ಹಳೇ ನಿವಾಸಿ:
ಇಯರ್‌ಫೋನ್ ಬೇಕೇ ಬೇಕು ಅಂತ ಹೇಳಿ. ದನಿಗಳು ಬಂದಾಗ ನನಗೂ ಹಾಡೇ ಆಸರೆ, ತುಂಬ ಜನಕ್ಕೆ ಹಾಗೇ.

ರಾತ್ರಿ ಪಾಳಿ:
ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು. ಅವನು ತಾನಾಗಿ ಸೇರುವುದಾದರೆ ತಾನಾಗಿ ಹೊರಡುವ ಹಕ್ಕೂ ಇದೆ ಎಂದು ಸೇರುವ ಕಾಗದದಲ್ಲಿ ಬರೆದಿರಬೇಕು. ಯಾರಿಗೆ ಹೇಳಬೇಕು, ಅವರು ಕೇಳದಿದ್ದರೆ ಮೇಲೆ ಯಾರಿಗೆ ದೂರು ಕೊಡಬೇಕು, ಎರಡೂ ಹೆಸರು, ಫೋನ್ ನಂಬರ್ ಅದರಲ್ಲಿರಲಿ. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಅವನ ಹತ್ತಿರ. ಚೀಟಿಯನ್ನು ನೀವು ಓದಬೇಡಿ, ಅವನೇ ಕೇಳಲಿ. ತಡವಾದರೂ ಪರವಾಗಿಲ್ಲ. ಅವನು ಮಾತು ಮುಗಿಸುವವರೆಗೆ ಆ ಕಡೆಯವರು ಕಾಯುತ್ತಾರಾ, ಇಲ್ಲ ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರಾ, ಗಮನಿಸಿ.